ಮಾತು ಬಿಟ್ಟವಳು

ಇಸ್ತ್ರಿ ಪೆಟ್ಟಿಗೆ ಇನ್ನೂ ಸರಿಯಾಗಿ ಕಾದಿರಲಿಲ್ಲ. ಅದು ಗೊತ್ತಿದ್ದೂ ಅವಳು ಕಪ್ಪು ಅಂಗಿಯ ತೋಳಿನ ಮೇಲೆ ಅದನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಲೇ ಇದ್ದಳು. ಕೈಗೆ ಕೆಲಸವಿದ್ದಷ್ಟು ಹೊತ್ತು ತಲೆ ಎತ್ತಿ ಸೋದರತ್ತೆಯ ಮುಖ ನೋಡುವ ಅಗತ್ಯವಿರಲಿಲ್ಲ. ಅತ್ತೆ ಅಜ್ಜಿಯ ಮಂಚದ ಮೇಲೆ, ಹಾಸಿಗೆ ಸುತ್ತಿಟ್ಟು ಬೋಳಾದ ಹಲಗೆಯ ಅಂಚಿನಲ್ಲಿ, ಬಸ್ಸಿಗೆ ಕಾಯುವವಳ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿನ್ನೆ ಸಂಜೆ ಬಂದಾಗಿನಿಂದ ಅವಳದು ಒಂದೇ ಪ್ರಶ್ನೆ. ಕಾಫಿ ಕುಡಿಯುತ್ತಾ ಕೇಳಿದಳು, ಬಚ್ಚಲಿನ ಬಾಗಿಲ ಹೊರಗೆ ನಿಂತು ಕೇಳಿದಳು, ಈಗ ತಲೆ ಬಾಚಿಕೊಂಡು ಹಣಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಬೆರಳಿಗೆ ಸುತ್ತುತ್ತಾ ಮತ್ತೆ ಕೇಳುತ್ತಿದ್ದಾಳೆ.

"ಪಕ್ಕದಲ್ಲಿ ಇದ್ದವಳು ನೀನು ತಾನೆ? ಕೊನೇಲಿ ಅಮ್ಮ ಏನಂತ ಪ್ರಾರ್ಥನೆ ಮಾಡಿದ್ಲು? ನೆನಪಿಲ್ಲ ಅಂದ್ರೆ ಸಭೆ ಮುಂದೆ ನಿಂತು ಏನ್ ಹೇಳ್ತೀಯಾ, ನಿನ್ನ ಆಫೀಸಿನ ಥರ ನಲ್ಲೀಲಿ ನೀರು ಬರ್ತಿಲ್ಲ ಅಂತೀಯಾ?"

"ಏನೋ ಒಂದು ಹೇಳ್ತೀನಿ ಬಿಡಿ ಅತ್ತೆ."

"ಏನೋ ಒಂದಲ್ಲ ಕಣೇ. ಬೇರೆ ಯಾರದ್ದೋ ಆಗಿದ್ರೆ ಏನೋ ಒಂದು ನಡೀತಿತ್ತು. ಇದು ಅಮ್ಮಂದು. ಇಡೀ ಚರ್ಚು ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರುತ್ತೆ ಇವತ್ತು."

ಅದು ನಿಜವೇ. ಆ ಸಣ್ಣ ಊರಿನ ಚರ್ಚಿನಲ್ಲಿ ಮೊದಲಿನಿಂದ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಸತ್ತವರ ನೆನಪಿನ ಆರಾಧನೆಯಲ್ಲಿ, ಕೊನೆಯ ಗಳಿಗೆಯಲ್ಲಿ ಹತ್ತಿರವಿದ್ದವರು ಎದ್ದು ನಿಂತು ಅವರ ಕೊನೆಯ ಪ್ರಾರ್ಥನೆಯನ್ನು ಒಪ್ಪಿಸಬೇಕು. ಸಾಯುವವರು ಆಮೆನ್ ಹೇಳುವ ಮೊದಲೇ ಹೊರಟುಹೋಗಿರುತ್ತಾರೆ, ಅರ್ಧಕ್ಕೆ ನಿಂತದ್ದನ್ನು ಸಭೆಯೇ ಆಮೆನ್ ಹೇಳಿ ಮುಗಿಸಿಕೊಡಬೇಕು ಎಂಬುದು ಅದರ ಲೆಕ್ಕ. ನಿದ್ದೆಯಲ್ಲಿ ಹೋದವರಿಗೂ ರಸ್ತೆಯಲ್ಲಿ ಬಿದ್ದು ಹೋದವರಿಗೂ ಹೇಗೋ ಒಂದು ಪ್ರಾರ್ಥನೆ ಹುಟ್ಟಿಕೊಳ್ಳುತ್ತಿತ್ತು. ಯಾರೂ ಅದನ್ನು ಕೆದಕುತ್ತಿರಲಿಲ್ಲ. ಮಾಂಸದಂಗಡಿಯವನು ತೀರಿಕೊಂಡಾಗ ಅವನ ಹೆಂಡತಿ ಒಪ್ಪಿಸಿದ ಪ್ರಾರ್ಥನೆ ಎಷ್ಟು ಸೊಗಸಾಗಿತ್ತೆಂದರೆ ಹೆಂಗಸರೆಲ್ಲ ಮೂಗು ಒರೆಸಿಕೊಂಡಿದ್ದರು. ಅಜ್ಜಿ ಮಾತ್ರ ಮನೆಗೆ ಬರುವ ದಾರಿಯುದ್ದಕ್ಕೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. "ಆ ಮನುಷ್ಯ ಬದುಕಿದ್ದಾಗ ಒಂದು ಸಲಾನಾದ್ರೂ ಇಷ್ಟು ಚೆನ್ನಾಗಿ ಮಾತಾಡಿದ್ರೆ ಇನ್ನೂ ಅರ್ಧ ಕೇಜಿ ಜಾಸ್ತಿ ತಗೋತಿದ್ದೆ ಕಣೇ."

ಇಸ್ತ್ರಿ ಪೆಟ್ಟಿಗೆ ಕಾಯಿತು. ಒದ್ದೆ ಬಟ್ಟೆಯಿಂದ ಎದ್ದ ಹಬೆ ಮುಖಕ್ಕೆ ಬಡಿದಾಗ ಅವಳಿಗೆ ಅಜ್ಜಿ ಕೆಲಸ ಮಾಡುತ್ತಿದ್ದ ಲಾಂಡ್ರಿಯ ಹಿಂಬದಿ ಕೋಣೆಯ ವಾಸನೆ ಬಂತು, ಗಂಜಿಯದು, ಕಾದ ಹತ್ತಿಯದು, ಅಜ್ಜಿಯ ಕಂಕುಳಿನ ಬೆವರಿನದು. ಶಾಲೆ ಬಿಟ್ಟು ನೇರ ಅಲ್ಲಿಗೇ ಹೋಗಿ ಬಟ್ಟೆಗಂಟುಗಳ ಮೇಲೆ ಮಲಗಿ ಪಾಠ ಓದುತ್ತಿದ್ದ ದಿನಗಳಲ್ಲಿ ಅವಳ ಕಿವಿಯ ತುಂಬ ಅಜ್ಜಿಯ ಧ್ವನಿ. ಅಜ್ಜಿ ಪ್ರತಿ ಅಂಗಿಯನ್ನೂ ಅದರ ಯಜಮಾನನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತಲೇ ಇಸ್ತ್ರಿ ಮಾಡುತ್ತಿದ್ದಳು. ಅದು ಕಣ್ಣು ಮುಚ್ಚಿ ಮಾಡುವ ಪ್ರಾರ್ಥನೆಯಲ್ಲ, ಎದುರುಮನೆಯವನ ಜೊತೆ ಕಟ್ಟೆಯ ಮೇಲೆ ಕೂತು ಆಡುವ ಮಾತು. "ನೋಡಪ್ಪಾ, ಈ ಮೇಷ್ಟ್ರ ಕಾಲರು ನೋಡು, ಹೇಗೆ ಸವೆದಿದೆ. ಸಂಬಳ ಎಲ್ಲಿ ಹೋಗುತ್ತೆ ಅಂತ ನಿಂಗೂ ಗೊತ್ತು ನಂಗೂ ಗೊತ್ತು. ಆ ಗ್ಲಾಸು ಕೈಯಿಂದ ಬಿಡಿಸಪ್ಪಾ. ಇವತ್ತೇ ಅಂತ ನಾನೇನೂ ಅಂತಿಲ್ಲ." ಮನೆಯಲ್ಲೂ ಅದೇ. ಅಡುಗೆಮನೆಯ ಕಿಟಕಿ ತೆರೆದಿಟ್ಟುಕೊಂಡು, ಪಕ್ಕದ ಮನೆಯಾಕೆಗೆ ಸೊಸೆಯ ಮೇಲೆ ಸ್ವಲ್ಪ ಕರುಣೆ ಹುಟ್ಟಲಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೇಡಿಕೊಂಡು, ಆಕೆ ವರ್ಷಗಟ್ಟಲೆ ಇವರ ಮನೆಯ ಕಡೆ ತಿರುಗಿ ನೋಡದ ಹಾಗೆ ಮಾಡಿದ್ದಳು. ಚರ್ಚಿನಲ್ಲಿ "ಯಾರಾದರೂ ಪ್ರಾರ್ಥಿಸಬಹುದು" ಎಂದು ಪಾದ್ರಿಗಳು ಹೇಳಿದಾಕ್ಷಣ ಅಜ್ಜಿಯ ಬೆಂಚು ಕಿರ್ರೆನ್ನುತ್ತಿತ್ತು, ಉಳಿದವರೆಲ್ಲ ಕಾಲುಗಳನ್ನು ಸರಿಮಾಡಿಕೊಂಡು ದೊಡ್ಡ ಪ್ರಯಾಣಕ್ಕೆ ಕೂತವರ ಹಾಗೆ ಕೂರುತ್ತಿದ್ದರು. ರೋಗದವರು, ಪರೀಕ್ಷೆಯವರು, ಸಾಲದವರು, ಜಾಮೀನು ಸಿಗದವರು, ಮದುವೆ ಗೊತ್ತಾಗದವರು ಒಬ್ಬೊಬ್ಬರಾಗಿ ಬಂದು ಹೋಗುವರು. ಮದುವೆ ಗೊತ್ತಾಗದವರ ಸರದಿ ಬಂದಾಗ ಅವಳು ತಲೆ ಇನ್ನಷ್ಟು ತಗ್ಗಿಸುತ್ತಿದ್ದಳು. ಹಿಂದಿನ ಬೆಂಚಿನ ಕಿಸಕಿಸ ಕತ್ತಿನ ಹಿಂಬದಿಗೆ ಬಿಸಿಯಾಗಿ ತಾಗುತ್ತಿತ್ತು. ಮದುವೆ ಗೊತ್ತಾದ ಮೇಲೆ, ಎರಡೇ ವರ್ಷದಲ್ಲಿ ಪೆಟ್ಟಿಗೆ ಎತ್ತಿಕೊಂಡು ಅವಳು ಇದೇ ಮನೆಗೆ ವಾಪಸ್ಸು ಬಂದ ಮೇಲೆ, ಅಜ್ಜಿ ಆ ವಿಷಯವನ್ನು ಸಭೆಯಲ್ಲಿ ಎತ್ತಲಿಲ್ಲ. ಅಡುಗೆಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು, ಮೆಲ್ಲಗೆ ದೇವರೊಬ್ಬನಿಗೇ ಹೇಳಿದಳು. ಮುಚ್ಚಿದ ಆ ಕಿಟಕಿಯನ್ನು ಹೊರಗಿನಿಂದ ನೋಡಿ ಅವಳು ಹಿತ್ತಲಲ್ಲಿ ಅತ್ತಿದ್ದಳು.

"ಸುಡ್ತಿದೆ ನೋಡೇ!" ಎಂದಳು ಅತ್ತೆ.

ಸುಟ್ಟಿರಲಿಲ್ಲ. ತೋಳಿನ ಮೇಲೆ ಒಂದು ಹೊಳಪಿನ ಕಲೆ ಬಿದ್ದಿತ್ತಷ್ಟೆ. ಅತ್ತೆ ಎದ್ದು ಬಂದು ಅವಳ ಕೈಯಿಂದ ಪೆಟ್ಟಿಗೆಯನ್ನು ಕಿತ್ತುಕೊಂಡಳು. ಅಜ್ಜಿಯದೇ ಬೀಸು, ಅದೇ ಮೊಣಕೈ. ಇಸ್ತ್ರಿ ಮಾಡುತ್ತಲೇ, "ಸರಿ, ನಾನೇ ಹೇಳಿಕೊಡ್ತೀನಿ, ಬಾಯಿಪಾಠ ಮಾಡ್ಕೋ," ಎಂದಳು. "ಕರ್ತನೇ, ನನ್ನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ನಿನ್ನ ಕೈಗೆ ಒಪ್ಪಿಸಿದ್ದೇನೆ. ನನ್ನ ಕೆಲಸ ಮುಗಿಯಿತು, ಇನ್ನು ನಿನ್ನ ಮಗಳನ್ನು ಕರೆದುಕೋ. ಇಷ್ಟು ಸಾಕು ಕಣೇ. ಚಿಕ್ಕದಾಗಿದೆ, ಚೊಕ್ಕವಾಗಿದೆ. ಹೇಳು ನೋಡೋಣ."

ಅವಳು ಹೇಳಿದಳು. ತನ್ನ ಬಾಯಲ್ಲಿ ಅದು ನೀರು ಸರಬರಾಜು ಕಚೇರಿಯ ಉತ್ತರದ ಹಾಗೆ ಕೇಳಿಸಿತು. ದಿನವಿಡೀ ಆ ಕಚೇರಿಯ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅವಳು ಊರಿನ ದೂರುಗಳನ್ನು ಕೇಳುತ್ತಾಳೆ. ನೀರು ಬಂದಿಲ್ಲ, ಬಂದದ್ದು ಕೆಂಪಗಿದೆ, ಬೀದಿಯಲ್ಲಿ ಪೈಪು ಒಡೆದು ಹರಿಯುತ್ತಿದೆ, ಪಕ್ಕದವರು ಪಂಪು ಹಾಕಿ ಎಳೆದುಕೊಳ್ಳುತ್ತಿದ್ದಾರೆ. ಬೈಯುವವರ ಧ್ವನಿ ಮೆದುಳಿನ ಒಂದು ಬದಿಯಲ್ಲೇ ಮೊಳೆ ಹೊಡೆಯುತ್ತದೆ, ಯಾಕೆಂದರೆ ಎಡಗಿವಿಯ ಕಡೆಯದು ಕೆಟ್ಟು ಎಷ್ಟೋ ಕಾಲವಾಗಿ ಯಾರೂ ಬದಲಾಯಿಸಿಲ್ಲ. "ನಿನ್ನ ಮನೇಲಿ ನೀರು ಬರುತ್ತೇನಮ್ಮ? ಬರುತ್ತೆ ಅಲ್ವಾ? ಅದಕ್ಕೇ ಇಷ್ಟು ತಣ್ಣಗೆ ಮಾತಾಡ್ತಿದೀಯ," ಎಂದು ಒಬ್ಬ ಮುದುಕ ಒಮ್ಮೆ ಕೇಳಿದ್ದ. ಅವಳ ಮನೆಯಲ್ಲಿ ಅಂದು ನೀರು ಬಂದಿರಲಿಲ್ಲ. ಆ ದಿನವೋ ಅಂಥದೇ ಇನ್ನೊಂದು ದಿನವೋ, ಅವಳು ಚಪ್ಪಲಿಯನ್ನೂ ಬಿಡದೆ ನಡುಮನೆಯ ಕುರ್ಚಿಯಲ್ಲಿ ಕುಸಿದಿದ್ದಳು. ಅಜ್ಜಿ ಹಾಸಿಗೆಯಿಂದಲೇ ಶುರುಮಾಡಿದಳು. ಆ ಹೊತ್ತಿಗೆ ಅಜ್ಜಿ ಎದ್ದು ಓಡಾಡುವುದು ನಿಂತಿತ್ತು, ಇಡೀ ದಿನ ಗೋಡೆ ನೋಡಿಕೊಂಡು ಸಂಜೆಗಾಗಿ ಮಾತು ಕೂಡಿಟ್ಟಿರುತ್ತಿದ್ದಳು. ಮೇಲ್ಛಾವಣಿಯ ಪಾರಿವಾಳದಿಂದ ಹೊರಟು, ಹಾಲಿನವನ ಕೆಮ್ಮಿನ ಮೂಲಕ, ಸತ್ತು ಯಾವ ಕಾಲವೋ ಆದ ಅಜ್ಜನ ಹಲ್ಲುನೋವಿನವರೆಗೆ. ಅವಳು ಕಣ್ಣು ತೆರೆಯದೆ ಹೇಳಿದ್ದಳು: "ಅಜ್ಜಿ, ಸ್ವಲ್ಪ ಸುಮ್ನಿರ್ತೀಯಾ? ಬೆಳಗ್ಗೆಯಿಂದ ಎಲ್ಲರದ್ದೂ ಕೇಳಿ ಕೇಳಿ ನನ್ನ ಕಿವಿ ಸತ್ತುಹೋಗಿದೆ. ನೀನೂ ಶುರು ಮಾಡ್ಬೇಡ." ಕೂಗಾಡಿರಲಿಲ್ಲ. ಕೂಗಾಡಿದ್ದರೆ ಅಜ್ಜಿಯೂ ತಿರುಗಿ ಕೂಗಾಡುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಕಚೇರಿಯಲ್ಲಿ ಆಡುವ ಆ ತಣ್ಣನೆಯ ಧ್ವನಿಯಲ್ಲೇ ಹೇಳಿದ್ದಳು.

ಅಜ್ಜಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, ಬಹಳ ಯೋಚಿಸಿದವಳ ಹಾಗೆ, "ಅವನೂ ನಿನ್ನ ಹಾಗೇ ಅಲ್ವೇನೇ?" ಎಂದಳು.

"ಯಾರು?"

"ಅವನು. ಮೇಲಿನವನು. ಅವನದ್ದೂ ಇದೇ ಕೆಲಸ ತಾನೆ? ಲೋಕದವರೆಲ್ಲ ಒಂದೇ ಸಮ ಅವನ ಕಿವಿ ಕಚ್ತಾರೆ. ನಾನಂತೂ ಹಲ್ಲು ಬರೋಕೆ ಮುಂಚೆಯಿಂದ. ಒಂದು ದಿನಾನಾದ್ರೂ 'ನೀನ್ ಹೇಗಿದೀಯಪ್ಪಾ, ಊಟ ಆಯ್ತಾ' ಅಂತ ಕೇಳಿದೀನಾ? ಬರೀ ನನ್ನದೇ ಪುರಾಣ."

ಅವಳು ನಕ್ಕಿರಬೇಕು. ಅಥವಾ ಹೂಂ ಎಂದಿರಬೇಕು. ಮರುದಿನದಿಂದ ಅಜ್ಜಿ ಪ್ರಾರ್ಥನೆ ನಿಲ್ಲಿಸಿದಳು. ಮೊದಮೊದಲು ಅವಳಿಗೆ ಗೊತ್ತೇ ಆಗಲಿಲ್ಲ. ಮನೆ ನಿಶ್ಶಬ್ದವಾದದ್ದು ಕಾಯಿಲೆಯಿಂದ ಎಂದುಕೊಂಡಳು, ಹಾಯೆನಿಸಿತು ಕೂಡ. ಆಮೇಲೊಂದು ಬೆಳಗ್ಗೆ ಗಂಜಿ ಕುಡಿಸುವಾಗ, ಚಮಚ ಬಾಯಿಗೆ ಬರುವ ಮೊದಲು ಅಜ್ಜಿಯ ತುಟಿ ಅಲುಗಲೇ ಇಲ್ಲವೆಂಬುದನ್ನು ಗಮನಿಸಿ, "ಇದೇನಜ್ಜಿ, ದೇವರ ಜೊತೆ ಮಾತು ಬಿಟ್ಟಿದೀಯಾ?" ಎಂದು ಚೇಷ್ಟೆಗೆ ಕೇಳಿದರೆ, ಅಜ್ಜಿ ಬಾಯಲ್ಲಿದ್ದ ಗಂಜಿಯನ್ನು ನಿಧಾನವಾಗಿ ನುಂಗಿ, "ಹೂಂ," ಎಂದಳು. "ಜಗಳಕ್ಕಲ್ಲ. ಅವನು ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ. ನಾನೊಬ್ಬಳು ಕಮ್ಮಿಯಾದ್ರೆ ಅಷ್ಟು ಕಮ್ಮಿ." ಒಮ್ಮೊಮ್ಮೆ ಸಂಜೆ ಅವಳೇ ಕೇಳುವಳು: "ಏನಾದ್ರೂ ಅಂದನಾ?" ಅಜ್ಜಿ ತಲೆಯಾಡಿಸುವಳು. "ಇನ್ನೂ ಇಲ್ಲ. ಪಾಪ, ತುಂಬಾನೇ ದಣಿದಿದಾನೆ ಅನ್ಸುತ್ತೆ." ಆ ಮುಖದಲ್ಲಿ ಬೇಸರವಿರಲಿಲ್ಲ, ಕಾತರವೂ ಇರಲಿಲ್ಲ. ಮಲಗಿದ ಮಗುವಿನ ಪಕ್ಕ ಕೂತವರ ಮುಖದ ಹಾಗಿತ್ತು. ಆದರೆ ಮಾತನ್ನೇ ಉಂಡು ಬದುಕಿದ್ದವಳು ದಿನದಿಂದ ದಿನಕ್ಕೆ ಒಣಗುತ್ತಿದ್ದುದನ್ನು ಅವಳು ನೋಡಿದಳು. ನೋಡಿಯೂ "ಮಾತಾಡಜ್ಜಿ, ನಾನು ಕೇಳ್ತೀನಿ," ಎನ್ನಲಿಲ್ಲ. ಎನ್ನಬೇಕೆಂದು ಬಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳು. ಮನೆಯ ಬಾಗಿಲು ತೆರೆಯುವ ಹೊತ್ತಿಗೆ ಆ ಮೊಳೆ ಮತ್ತೆ ತಲೆಯಲ್ಲಿ ಕೂತಿರುತ್ತಿತ್ತು. ಪಾದ್ರಿಗಳು ನೋಡಲು ಬಂದಾಗಲೆಲ್ಲ ಅಜ್ಜಿ ಮೆಟ್ಟಿಲ ಸದ್ದಿಗೇ ಕಣ್ಣು ಮುಚ್ಚಿಕೊಂಡು ಬಿಡುತ್ತಿದ್ದಳು, ಇವಳು ಬಾಗಿಲಲ್ಲಿ ನಿಂತು "ಮಲಗಿದಾರೆ" ಎನ್ನುತ್ತಿದ್ದಳು. "ಎಬ್ಬಿಸಬೇಡಿ, ಎಬ್ಬಿಸಬೇಡಿ. ಎಷ್ಟು ನೆಮ್ಮದಿಯ ನಿದ್ದೆ ನೋಡಿ," ಎಂದು ಅವರು ತುದಿಗಾಲಲ್ಲಿ ಹೋಗುವರು. ಅವರ ಬೆನ್ನು ತಿರುಗಿದ ಮೇಲೆ ಅಜ್ಜಿ ಒಂದು ಕಣ್ಣು ತೆರೆದು, "ಒಳ್ಳೆ ಹುಡುಗ. ಆದ್ರೆ ಬಂದ್ರೆ ಪ್ರಾರ್ಥನೆ ಮಾಡಿಸದೆ ಬಿಡಲ್ಲ," ಎನ್ನುವಳು.

ಕೊನೆಯ ಮಧ್ಯಾಹ್ನ ಅವಳು ಪಕ್ಕದಲ್ಲೇ ಇದ್ದಳು, ಅದು ನಿಜ. ಅಜ್ಜಿ "ಕಾಲು ತಣ್ಣಗಾಗ್ತಿದೆ, ಕಾಲುಚೀಲ ಹಾಕು" ಎಂದಳು. ಒಂದು ಕಾಲಿಗೆ ಹಾಕಿ ಇನ್ನೊಂದಕ್ಕೆ ಹಾಕುವಾಗ ಆ ಕಾಲು ಬೇರೆ ಥರ ಭಾರವಾಗಿತ್ತು.

ಚರ್ಚು ತುಂಬಿತ್ತು. ಕಾಲಿಗೆ ಹೊಸ ಬೂಟು ಕಚ್ಚುತ್ತಿತ್ತು, ಅಂಗಿಯ ತೋಳಿನ ಹೊಳಪು ಕಲೆಯನ್ನು ಅವಳು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ಒಬ್ಬೊಬ್ಬರಾಗಿ ಎದ್ದು ಅಜ್ಜಿಯ ಗುಣಗಾನ ಮಾಡಿದರು. ಭಾನುವಾರ ಒಂದನ್ನೂ ತಪ್ಪಿಸದವಳು, ಗುಡಿಸಿದವಳು, ಹೂವಿಟ್ಟವಳು, ರೋಗಿಗಳ ಬಟ್ಟೆಯನ್ನು ಬಿಟ್ಟಿಯಾಗಿ ಒಗೆದುಕೊಟ್ಟವಳು. ಎಲ್ಲವೂ ಸತ್ಯವೇ, ಆದರೂ ಕೇಳುತ್ತಾ ಕೇಳುತ್ತಾ ಅಜ್ಜಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಬಿರುಸಾಗಿ, ಮಡಿಕೆ ಮಡಿಕೆಯಾಗಿ, ಯಾರದೋ ಕಪಾಟಿಗೆ ಹೋಗುತ್ತಿದ್ದಾಳೆ ಅನ್ನಿಸಿತು. ಮೇಷ್ಟ್ರ ಮಗನಂತೂ, "ನಮ್ಮಪ್ಪ ಕುಡಿತ ಬಿಟ್ಟದ್ದು ಆಕೆಯ ಪ್ರಾರ್ಥನೆಯಿಂದ, ಈಗ ಆಕೆ ನಮಗಾಗಿ ಅಲ್ಲಿ ಎಡೆಬಿಡದೆ ಪ್ರಾರ್ಥಿಸುತ್ತಿದ್ದಾಳೆ," ಎಂದು ಕೈ ಮೇಲಕ್ಕೆತ್ತಿ ತೋರಿಸಿದ. ಎಡೆಬಿಡದೆ. ಅಲ್ಲೂ ಬಿಡುವಿಲ್ಲ. ಅವಳ ಕುತ್ತಿಗೆ ನೋಯತೊಡಗಿತು. ಪಾದ್ರಿಗಳು ಅವಳ ಕಡೆ ತಿರುಗಿ, "ಈಗ ಮೊಮ್ಮಗಳು ಆಕೆಯ ಕೊನೆಯ ಪ್ರಾರ್ಥನೆಯನ್ನು ಸಭೆಗೆ ಒಪ್ಪಿಸುತ್ತಾಳೆ," ಎಂದರು. ಅತ್ತೆ ಮೊಣಕೈಯಿಂದ ತಿವಿದಳು.

ನಿಂತಾಗ ಕಂಡದ್ದು ತಲೆಗಳಲ್ಲ, ಕಿವಿಗಳು. ಎಲ್ಲ ಕಿವಿಗಳೂ ಅವಳ ಕಡೆಗೆ ತಿರುಗಿದ್ದವು. ಇಷ್ಟು ವರ್ಷ ಅವಳು ಕಿವಿಯಾಗಿದ್ದಳು, ಈಗ ಇವರು. "ಕರ್ತನೇ," ಎಂದಳು. ಧ್ವನಿ ಸರಿಯಾಗಿಯೇ ಹೊರಟಿತು. "ನನ್ನ ಮಕ್ಕಳನ್ನೂ." ಅಲ್ಲಿಗೆ ನಿಂತಿತು. ಅಳು ಬಂದದ್ದಲ್ಲ. ಮುಂದಿನ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಆಡಿಬಿಟ್ಟರೆ ಇವರೆಲ್ಲ ಆಮೆನ್ ಅಂದುಬಿಡುತ್ತಾರೆ, ಅಲ್ಲಿಗೆ ಅಜ್ಜಿ ಅಷ್ಟು ಕಷ್ಟಪಟ್ಟು ತುಟಿ ಬಿಗಿಹಿಡಿದು ಕಾಪಾಡಿದ ಮೌನ ಎಂದೂ ಇರಲೇ ಇಲ್ಲವೆಂದಾಗುತ್ತದೆ. ಬಾಯ ತುಂಬ ಮಾತಿದ್ದವಳು ಬದುಕಿನಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಮುಂದಿನ ಸಾಲಿನಲ್ಲಿ ಯಾರೋ ಕನಿಕರದಿಂದ "ನಿಧಾನಕ್ಕೆ ಹೇಳಮ್ಮ" ಎಂದರು.

"ಅಜ್ಜಿ ಕೊನೇಲಿ ಪ್ರಾರ್ಥನೆ ಮಾಡ್ಲಿಲ್ಲ," ಎಂದಳು. "ಬಹಳ ದಿನದಿಂದಾನೇ ಮಾಡ್ತಿರ್ಲಿಲ್ಲ. ನಂಬಿಕೆ ಹೋಗಿ ಅಲ್ಲ. ದೇವರಿಗೆ ನಮ್ಮೆಲ್ಲರ ದೂರು ಕೇಳಿ ಕೇಳಿ ಸುಸ್ತಾಗಿರಬೇಕು, ಅವನು ಸ್ವಲ್ಪ ಸುಧಾರಿಸ್ಕೊಳ್ಲಿ ಅಂತ ಸುಮ್ಮನಿದ್ರು. ಪಾದ್ರಿಗಳು ಬಂದಾಗ ಮಲಗಿದ್ರು ಅಂದಿದ್ದು ಸುಳ್ಳು. ಎಚ್ಚರ ಇರ್ತಿದ್ರು. ಅಷ್ಟೇ. ಒಪ್ಪಿಸೋಕೆ ನನ್ನ ಹತ್ರ ಬೇರೇನೂ ಇಲ್ಲ." ಆ ಯೋಚನೆ ಅಜ್ಜಿಯ ತಲೆಗೆ ಬಂದದ್ದು ಹೇಗೆ, ಯಾರ ಬಾಯಿಂದ, ಎಂಬುದು ಗಂಟಲವರೆಗೆ ಬಂತು. ಅದನ್ನು ಅವಳು ನುಂಗಿದಳು.

ಆಮೆನ್ ಎಲ್ಲಿ ಹೇಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೆಮ್ಮೂ ಇಲ್ಲ, ಬೆಂಚಿನ ಕಿರ್ರೂ ಇಲ್ಲ. ಪಾದ್ರಿಗಳು ತಮ್ಮ ಕೈಯಲ್ಲಿದ್ದ ಸತ್ಯವೇದವನ್ನು ಯಾರದೋ ವಸ್ತುವಿನ ಹಾಗೆ ನೋಡುತ್ತಿದ್ದರು. ಕೊನೆಗೆ ಅಜ್ಜಿಯ ಬೆಂಚಿನಿಂದ, ಅಜ್ಜಿಯ ಪಕ್ಕ ಜೀವಮಾನವಿಡೀ ಕೂತಿದ್ದ ನರ್ಸಮ್ಮ, ಊರಿನ ಅರ್ಧ ಜನರನ್ನು ಹೆರಿಗೆ ಮಾಡಿಸಿ ನಿವೃತ್ತಳಾದವಳು, ಕೊಳಾಯಿ ತಿರುಗಿಸಿ ನಿಲ್ಲಿಸಿದಷ್ಟು ಸರಾಗವಾಗಿ "ಆಮೆನ್" ಎಂದಳು. ಬಿಡುಗಡೆಯಾದವರ ಹಾಗೆ ಎಲ್ಲರೂ ಹಿಂದೆಯೇ ಅಂದರು. ಅತ್ತೆಯೊಬ್ಬಳು ಅನ್ನಲಿಲ್ಲ.

ಆರಾಧನೆ ಮುಗಿದು ಜನ ಅಂಗಳದಲ್ಲಿ ಟೀ ಲೋಟ ಹಿಡಿದು ನಿಂತಾಗ ಅತ್ತೆ ಅವಳನ್ನು ಗೋಡೆಯ ಬದಿಗೆ ಎಳೆದುಕೊಂಡು ಹೋದಳು. ಬೈಗುಳ ಬರುತ್ತದೆಂದು ಅವಳು ಕಾದಳು. "ನನ್ನ ಹತ್ರ ಒಂದು ಮಾತು ಹೇಳ್ಲಿಲ್ಲ ಅಮ್ಮ," ಎಂದಳು ಅತ್ತೆ. ಮೂಗಿನ ತುದಿ ಕೆಂಪಾಗಿತ್ತು. "ಪ್ರತಿ ವಾರ ಫೋನ್ ಮಾಡ್ತಿದ್ದೆ. 'ನನಗಾಗಿ ಪ್ರಾರ್ಥನೆ ಮಾಡಮ್ಮಾ' ಅಂತ ಪ್ರತಿ ವಾರ ಹೇಳ್ತಿದ್ದೆ. ಹೂಂ ಹೂಂ ಅಂತಿದ್ಲು. ಮಾಡ್ತಾನೇ ಇರ್ಲಿಲ್ವಾ ಹಾಗಾದ್ರೆ?" ಅತ್ತೆ ತನ್ನ ಲೋಟವನ್ನೂ ಅವಳ ಕೈಗೆ ತುರುಕಿ, ತನ್ನ ಚೀಲ ಎಲ್ಲಿಟ್ಟೆ ಎಂದು ಹುಡುಕುವವಳ ಹಾಗೆ ಒಳಗೆ ಹೋದಳು. ಪಾದ್ರಿಗಳು ಬಂದು, "ಹಾಗೆ ಹೇಳೋಕೆ ಧೈರ್ಯ ಬೇಕಮ್ಮ," ಎಂದು ಕೈ ಒತ್ತಿದರು. ಆಮೇಲೆ ಮೇಷ್ಟ್ರ ಮಗ, ಆಮೇಲೆ ಮಾಂಸದಂಗಡಿಯವನ ಹೆಂಡತಿ, ಎಲ್ಲರೂ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದರು, ಸತ್ಯವಂತೆ, ಅಜ್ಜಿಗೆ ತಕ್ಕ ಮೊಮ್ಮಗಳು. ಒಂದೊಂದು ಹೊಗಳಿಕೆಗೂ ಅವಳು ಕಲೆಯಿದ್ದ ತೋಳನ್ನು ಇನ್ನಷ್ಟು ಗಟ್ಟಿಯಾಗಿ ಮೈಗೆ ಒತ್ತಿಕೊಂಡಳು. ಎರಡೂ ಲೋಟಗಳ ಟೀ ಆರಿಹೋಗಿತ್ತು.

ನರ್ಸಮ್ಮ ಕೋಲೂರಿಕೊಂಡು ಬಂದು ಅವಳ ಮೊಣಕೈ ಹಿಡಿದಳು. "ನಂಗೆ ಗೊತ್ತಿತ್ತು ಕಣೇ," ಎಂದಳು.

"ಏನು?"

"ಅವಳು ಬಾಯಿ ಕಟ್ಟಿಹಾಕ್ಕೊಂಡಿದ್ದು. ನೀನು ಕೆಲಸಕ್ಕೆ ಹೋದಾಗ ನಾನು ಬರ್ತಿದ್ನಲ್ಲ. ಹೇಳಿದ್ಲು. 'ನನ್ನ ಮೊಮ್ಮಗಳು ಜನರ ದೂರು ಕೇಳಿ ಕೇಳಿ ಹೆಣದ ಥರ ಬಂದು ಕೂರ್ತಾಳೆ, ಸುಮ್ನಿರು ಅಂದ್ಲು, ಆಗ ನಂಗೆ ಹೊಳೀತು' ಅಂತ." ನರ್ಸಮ್ಮ ಅವಳ ಮುಖ ನೋಡಲಿಲ್ಲ, ಅಂಗಳದ ಜನರನ್ನು ನೋಡುತ್ತಿದ್ದಳು. "ಅದನ್ನ ನೀನು ಅಲ್ಲಿ ಹೇಳ್ಲಿಲ್ಲ."

"ಇಲ್ಲ."

"ಹೂಂ." ನರ್ಸಮ್ಮ ಕೋಲನ್ನು ಇನ್ನಷ್ಟು ಊರಿಕೊಂಡು, "ಭಾರಿ ಕಷ್ಟ ಪಟ್ಲು ಬಿಡು. ಒಂದು ದಿನ ನಂಗಂತಾಳೆ, ಕಿಟಕೀಲಿ ಆ ಪಾರಿವಾಳ ಮೊಟ್ಟೆ ಇಟ್ಟಿದೆ, ಹೇಳೋಕೆ ಯಾರೂ ಇಲ್ಲ, ಹೊಟ್ಟೆ ಉಬ್ಬರಿಸಿಬಿಟ್ಟಿದೆ ಅಂತ. ನಾನಂದೆ, ನನಗೆ ಹೇಳೇ, ನನಗೇನು ದೇವರ ಥರ ಸುಸ್ತಾಗಲ್ಲ, ಪಿಂಚಣಿ ಬರುತ್ತೆ ಅಂತ. ನಕ್ಕಳು ನೋಡು, ಕೆಮ್ಮು ಬರೋ ಹಾಗೆ. ಅಲ್ಲಿಂದ ಶುರು ಮಾಡಿದವಳು ನಿಮ್ಮಜ್ಜನ ಕಾಲದವರೆಗೆ ಹೋದ್ಲು. ಆ ಹಲ್ಲುನೋವಿನ ಕಥೆ ಗೊತ್ತಲ್ಲ ನಿಂಗೆ? ಮದುವೆ ಮುಂಚಿನ ದಿನ ಅವನ ಕೆನ್ನೆ ಊದಿಕೊಂಡು..."

ಅವಳಿಗೆ ಗೊತ್ತಿತ್ತು. ಅಷ್ಟು ಸಲ ಕೇಳಿದ್ದಳು, ಅಥವಾ ಅಷ್ಟು ಸಲ ಅರ್ಧಕ್ಕೆ ನಿಲ್ಲಿಸಿದ್ದಳು. ಅದರ ಕೊನೆ ಏನೆಂಬುದು ಈಗ ಎಷ್ಟು ನೆನೆದರೂ ನೆನಪಾಗುತ್ತಿಲ್ಲ. ಬೂಟು ಕಚ್ಚುತ್ತಿತ್ತು. ನಾಳೆ ಮತ್ತೆ ಆ ಕೋಣೆ, ಆ ಬಲಗಿವಿ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಒಂದು ಶಬ್ದವೂ ಇಲ್ಲದೆ ಬಿದ್ದುಕೊಳ್ಳಬೇಕೆಂದು ಮೈಯೆಲ್ಲ ಬೇಡುತ್ತಿತ್ತು. ಆರಿದ ಟೀ ಲೋಟಗಳನ್ನು ಗೋಡೆಯ ಮೇಲಿಟ್ಟು, ಆ ಮುದುಕಿಯ ಭಾರವನ್ನು ತನ್ನ ತೋಳಿಗೆ ಸರಿಯಾಗಿ ಒರಗಿಸಿಕೊಂಡು, ಅವಳು ಕೇಳಿದಳು:

"ಆಮೇಲೆ?"